ದೊಡ್ಡ ಸಿಟಿಗೆ ಹೋಗ್ತಿದೀರಾ? ಹೋಟೆಲ್ ಹುಡುಕೋದನ್ನ ಮ್ಯಾಪ್‌ನಿಂದ ಶುರು ಮಾಡಿ

ಟಿಕೆಟ್ ಬುಕ್ ಆದ ತಕ್ಷಣ ಹೆಚ್ಚಿನವರು ಮಾಡೋ ಕೆಲಸ ಏನು ಅಂದ್ರೆ, ಬುಕಿಂಗ್ ಆ್ಯಪ್ ತೆಗೆದು ಊರಿನ ಹೆಸರು ಹಾಕಿ, ಕಡಿಮೆ ರೇಟಿಂದ ಮೇಲಕ್ಕೆ ಜೋಡಿಸ್ಕೊಂಡು ಬೆಳ್ಳಗಿರೋ ಬೆಡ್‌ಶೀಟ್ ಫೋಟೋ ನೋಡ್ತಾ ಹೋಗೋದು. ದೊಡ್ಡ ಸಿಟಿ ಅಂದ್ಮೇಲೆ ಸಾವಿರಾರು ಹೋಟೆಲ್ ಬರತ್ತೆ, ಇಪ್ಪತ್ತು ನೋಡೋಷ್ಟರಲ್ಲಿ ತಲೆ ಗಿರ್ ಅನ್ನತ್ತೆ, ಕೊನೆಗೆ ಯಾವ್ದೋ ಒಂದಕ್ಕೆ ದುಡ್ಡು ಕಟ್ಟಿ ಸುಮ್ನಾಗ್ತಾರೆ. ಆದ್ರೆ ಊರು ನೋಡೋಕೆ ಹೋದವರು ರೂಮಲ್ಲಿ ಎಚ್ಚರ ಇರೋದೇ ಸ್ವಲ್ಪ ಹೊತ್ತು, ಅದಕ್ಕಿಂತ ಮುಖ್ಯ ದಿನಾ ಅಲ್ಲಿಂದ ಹೊರಟು ದಿನಾ ಅಲ್ಲಿಗೇ ವಾಪಸ್ ಬರ್ಬೇಕು, ಅದೂ ರಾತ್ರಿ ಹೊತ್ತು, ಕಾಲು ನೋಯ್ತಾ, ನಿದ್ದೆ ಹೋಗಿರೋ ಮಗುನ ಹೆಗಲ ಮೇಲೆ ಹಾಕ್ಕೊಂಡು, ಪರಿಚಯ ಇಲ್ದಿರೋ ಬೀದೀಲಿ. ಅದಕ್ಕೇ ಯಾರು ಕೇಳಿದ್ರೂ ನಾನು ಹೇಳೋದು ಇಷ್ಟೇ: ರಾತ್ರಿ ಹತ್ತು ಗಂಟೆಗೆ ಆ ಹೋಟೆಲ್‌ಗೆ ಹೇಗೆ ವಾಪಸ್ ಬರ್ತೀರ ಅಂತ ಮೊದಲು ನೋಡ್ಕೊಳ್ಳಿ, ಆ ದಾರಿ ಸರಿ ಅನ್ನಿಸಿದ್ರೆ ಮಾತ್ರ ರೂಮಿನ ಫೋಟೋ ತೆಗೀರಿ.

ಹಂತ 1: ಹೋಗೋ ಜಾಗಗಳನ್ನೆಲ್ಲ ಮ್ಯಾಪಲ್ಲಿ ಗುರುತು ಹಾಕಿ

ಗೂಗಲ್ ಮ್ಯಾಪ್ಸ್‌ನಲ್ಲಿ ನೀವು ನೋಡ್ಬೇಕು ಅಂದ್ಕೊಂಡಿರೋ ಜಾಗ, ಮೀಟಿಂಗ್ ಇರೋ ಆಫೀಸು, ಆಸ್ಪತ್ರೆ, ನೆಂಟರ ಮನೆ, ಎಲ್ಲಾನೂ ಸೇವ್ ಮಾಡಿ. ಆಮೇಲೆ ಝೂಮ್ ಔಟ್ ಮಾಡಿದ್ರೆ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಗುರುತು ಒಂದು ಕಡೆ ಗುಂಪಾಗಿ ಕಾಣತ್ತೆ. ಹುಡುಕಾಟ ಆ ಗುಂಪಿನ ಸುತ್ತ ಇರ್ಲಿ, ಇಲ್ಲಾಂದ್ರೆ ಆ ಗುಂಪಿಗೆ ಟ್ರೈನ್ ಬದಲಾಯಿಸದೆ ನೇರ ಹೋಗೋ ಮೆಟ್ರೋ ಲೈನಿನ ಮೇಲಿರ್ಲಿ. ಎರಡು ಲೈನ್ ಸೇರೋ ಸ್ಟೇಷನ್ ಹತ್ರ ಸಿಕ್ಕಿದ್ರೆ ಇನ್ನೂ ಒಳ್ಳೇದು, ಒಂದು ಲೈನ್ ಕೆಟ್ಟು ನಿಂತ್ರೂ ಇನ್ನೊಂದು ಇರತ್ತೆ.

ಏರ್‌ಪೋರ್ಟ್ ಹತ್ರ ಹೋಟೆಲ್ ಅಗ್ಗ ಅಂತ ಅಲ್ಲಿ ಹಾಕ್ಕೊಳ್ಳೋರಿದಾರೆ. ಬೆಳಗಿನ ಜಾವ ಫ್ಲೈಟ್ ಇದ್ರೆ ಆ ಒಂದು ರಾತ್ರಿಗೆ ಸರಿ, ಊರು ನೋಡೋಕೆ ಖಂಡಿತ ಬೇಡ. ಟೋಕಿಯೋದ ನರಿಟಾ ಏರ್‌ಪೋರ್ಟ್ ಊರಿನ ಮಧ್ಯದಿಂದ ಸುಮಾರು 60 ಕಿಲೋಮೀಟರ್ ದೂರ, ಅಲ್ಲಿ ಉಳ್ಕೊಂಡು ದಿನಾ ಊರೊಳಗೆ ಹೋಗಿ ಬರ್ತೀನಿ ಅಂದ್ರೆ ಅರ್ಧ ಟ್ರಿಪ್ ಟ್ರೈನಲ್ಲೇ ಕಳೆದೋಗತ್ತೆ.

ಹಂತ 2: ರಾತ್ರಿಯ ದಾರಿ ಪರೀಕ್ಷೆ ಮಾಡಿ

ಇದಕ್ಕೆ ಹತ್ತು ನಿಮಿಷ ಸಾಕು, ಆದ್ರೆ ಮಾಡೋರು ಕಡಿಮೆ. ನಿಮಗೆ ಇಷ್ಟ ಆದ ಮೂರ್ನಾಲ್ಕು ಹೋಟೆಲ್ ತಗೊಳ್ಳಿ, ಒಂದೊಂದಕ್ಕೂ ನೀವು ಸಂಜೆ ಕೊನೇಲಿ ಇರೋ ಜಾಗದಿಂದ ಮ್ಯಾಪಲ್ಲಿ ದಾರಿ ಕೇಳಿ, ಬಸ್-ಟ್ರೈನ್ ಗುರುತು ಒತ್ತಿ ಹೊರಡೋ ಟೈಮ್ ರಾತ್ರಿ ಹತ್ತೂವರೆ ಅಂತ ಹಾಕಿ. ಹಗಲು ಐದು ನಿಮಿಷಕ್ಕೊಂದು ಬರೋ ಟ್ರೈನು ರಾತ್ರಿ ಅರ್ಧ ಗಂಟೆಗೊಂದು ಆಗಿರಬಹುದು, ಇಲ್ಲ ಮುಗಿದೇ ಹೋಗಿರಬಹುದು. ಎಲ್ಲಾ ಸಿಟಿನೂ ಒಂದೇ ಥರ ಅಲ್ಲ ನೋಡಿ, ನ್ಯೂಯಾರ್ಕ್ ಸಬ್‌ವೇ ದಿನದ 24 ಗಂಟೆನೂ ಓಡತ್ತೆ, ಲಂಡನ್ನಲ್ಲಿ ರಾತ್ರಿಯಿಡೀ ಓಡೋ ಟ್ಯೂಬ್ (ಅಲ್ಲಿನ ಮೆಟ್ರೋ) 2016ರಲ್ಲಿ ಶುರುವಾಯ್ತು ಆದ್ರೆ ಅದು ಶುಕ್ರವಾರ ಶನಿವಾರ ರಾತ್ರಿ ಮಾತ್ರ, ಅದೂ ಕೆಲವೇ ಲೈನಲ್ಲಿ, ಇನ್ನು ಟೋಕಿಯೋದಲ್ಲಿ ಮಧ್ಯರಾತ್ರಿ ಆಸುಪಾಸು ನಿಂತ್ರೆ ಮತ್ತೆ ಬೆಳಗಿನ ಜಾವ ಐದರ ಹೊತ್ತಿಗೇನೇ. ಲೇಟಾಗಿ ಬರೋ ಪ್ಲಾನ್ ಇರೋರು ಕೊನೇ ಟ್ರೈನ್ ತಪ್ಪಿದ್ರೆ ಟ್ಯಾಕ್ಸಿಗೆ ಎಷ್ಟಾಗತ್ತೆ ಅಂತ ಲೆಕ್ಕ ಹಾಕಿ ಅದನ್ನೂ ರೂಮ್ ರೇಟಿಗೆ ಸೇರಿಸ್ಕೊಳ್ಳಿ, ಆಗ ದೂರದ ಅಗ್ಗದ ಹೋಟೆಲ್ ಎಷ್ಟು ಅಗ್ಗ ಅಂತ ಗೊತ್ತಾಗತ್ತೆ.

ಇನ್ನು ಸ್ಟೇಷನ್ನಿಂದ ಹೋಟೆಲ್ ಬಾಗಿಲ ತನಕ ಇರೋ ಕೊನೇ ಐನೂರು ಮೀಟರ್. ಗೂಗಲ್ ಮ್ಯಾಪಲ್ಲೇ ಬೀದಿ ಫೋಟೋ ತೋರಿಸೋ ಸ್ಟ್ರೀಟ್ ವ್ಯೂ ತೆಗೆದು ಮೊಬೈಲಲ್ಲೇ ಆ ದಾರೀಲಿ ಒಂದು ಸಲ ನಡೀರಿ. ಫುಟ್‌ಪಾತ್ ಇದೆಯಾ, ಬೀದಿ ದೀಪದ ಕಂಬ ಎಷ್ಟು ದೂರಕ್ಕೊಂದಿದೆ, ಅಂಗಡಿ ಬಾಗಿಲುಗಳು ಕಾಣ್ತವಾ ಇಲ್ಲ ಬರೀ ಗೋಡೌನ್ ಕಾಂಪೌಂಡಾ, ಮಧ್ಯ ಅಂಡರ್‌ಪಾಸ್ ದಾಟ್ಬೇಕಾ, ಮೆಟ್ಟಿಲು ಇದ್ರೆ ಸೂಟ್‌ಕೇಸ್ ಎಳ್ಕೊಂಡು ಹೋಗೋಕಾಗತ್ತಾ. ಆ ಚಿತ್ರ ಯಾವ ವರ್ಷದ್ದು ಅಂತ ಅಲ್ಲೇ ಬರ್ದಿರತ್ತೆ, ಅದನ್ನೂ ನೋಡಿ, ಹಳೇದಾದ್ರೆ ಅದನ್ನ ಪೂರ್ತಿ ನಂಬೋಕಾಗಲ್ಲ. ಆ್ಯಪಲ್ಲಿ ‘ಸೆಂಟರಿಂದ 1 ಕಿಲೋಮೀಟರ್’ ಅಂತ ಹಾಕಿರ್ತಾರಲ್ಲ, ಅದು ಎಷ್ಟೋ ಸಲ ನೇರ ಗೆರೆ ಎಳೆದು ಅಳೆದಿರೋ ದೂರ, ನಡುವೆ ನದಿನೋ ರೈಲ್ವೆ ಹಳಿನೋ ಇದ್ರೆ ಸೇತುವೆ ಹುಡ್ಕೊಂಡು ಸುತ್ತಿ ಬರೋಷ್ಟರಲ್ಲಿ ಅದು ಎರಡೂವರೆ ಮೂರು ಆಗಿರತ್ತೆ. ಒಬ್ಬರೇ ಹೋಗೋ ಹೆಣ್ಣುಮಕ್ಕಳು, ವಯಸ್ಸಾದವರನ್ನ ಕರ್ಕೊಂಡು ಹೋಗೋರು ಈ ಹಂತನ ಯಾವ ಕಾರಣಕ್ಕೂ ಬಿಡ್ಬೇಡಿ.

ಹಂತ 3: ಸ್ಟಾರ್ ನೋಡಿ ಮೋಸ ಹೋಗ್ಬೇಡಿ

ಪ್ರಪಂಚಕ್ಕೆಲ್ಲ ಒಂದೇ ಸ್ಟಾರ್ ಅಳತೆ ಅಂತ ಇಲ್ವೇ ಇಲ್ಲ. ಯುರೋಪಿನ ಕೆಲವು ದೇಶಗಳು ಸೇರ್ಕೊಂಡು 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಅಂತ ಮಾಡ್ಕೊಂಡು ಒಂದೇ ಮಾನದಂಡ ಇಟ್ಕೊಂಡಿವೆ, ಕೆಲವು ದೇಶದಲ್ಲಿ ಸರ್ಕಾರ ಕೊಡತ್ತೆ, ಇನ್ನು ಕೆಲವು ಕಡೆ ಹೋಟೆಲಿನವರೇ ಇಷ್ಟು ಅಂತ ಹಾಕ್ಕೊಂಡಿರ್ತಾರೆ. ದುಬೈನ ಬುರ್ಜ್ ಅಲ್ ಅರಬ್‌ನ ಎಲ್ಲರೂ ಸೆವೆನ್ ಸ್ಟಾರ್ ಅಂತಾರೆ, ಅಧಿಕೃತವಾಗಿ ಅದು ಫೈವ್ ಸ್ಟಾರೇ. ಸ್ಟಾರ್ ಹೇಳೋದು ಹೆಚ್ಚಾಗಿ ಏನೇನು ಸೌಲಭ್ಯ ಇದೆ ಅನ್ನೋದನ್ನ, ಲಿಫ್ಟ್ ಇದೆಯಾ, ರಿಸೆಪ್ಷನ್ ಎಷ್ಟು ಹೊತ್ತು ತೆಗೆದಿರತ್ತೆ ಅಂತೆಲ್ಲ. ರೂಮು ವಾಸನೆ ಬರತ್ತಾ, ಪಕ್ಕದ ರೂಮಿನ ಮಾತು ಕೇಳತ್ತಾ ಅನ್ನೋದನ್ನ ಅದು ಹೇಳಲ್ಲ.

ಹಂತ 4: ರೂಮಿನ ಅಳತೆ ಓದಿ

ಫೋಟೋನ ವೈಡ್ ಲೆನ್ಸಲ್ಲಿ ತೆಗೆದಿರ್ತಾರೆ, ಎಲ್ಲಾ ರೂಮೂ ಹಾಲ್ ಥರ ಕಾಣತ್ತೆ. ಅಳತೆ ಹೆಚ್ಚಾಗಿ ಚದರ ಮೀಟರಲ್ಲಿ ಇರತ್ತೆ, ಒಂದು ಚದರ ಮೀಟರ್ ಅಂದ್ರೆ 10.76 ಚದರ ಅಡಿ. 12 ಚದರ ಮೀಟರ್ ರೂಮು ಅಂದ್ರೆ ಬಾತ್‌ರೂಮ್ ಸೇರಿ ಸುಮಾರು 130 ಚದರ ಅಡಿ, ಇಬ್ಬರ ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ತೆರೆಯೋಕೆ ಅಲ್ಲಿ ಜಾಗ ಇರಲ್ಲ. ಬರೀ ಮಲಗೋಕೆ ಸಾಕು ಅನ್ನೋರಿಗೆ ಪರವಾಗಿಲ್ಲ, ಮಕ್ಕಳಿದ್ರೆ ಕಷ್ಟ. ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿ ಕಿಟಕಿ ಇಲ್ಲ ಅಂತ ಬರ್ದಿದೆಯಾ ನೋಡಿ, ದೊಡ್ಡ ಸಿಟಿಗಳಲ್ಲಿ ಕಿಟಕಿ ಇಲ್ದಿರೋ ರೂಮ್ ತುಂಬಾ ಮಾರ್ತಾರೆ. ಡಬಲ್ ಅಂದ್ರೆ ಒಂದೇ ದೊಡ್ಡ ಹಾಸಿಗೆ, ಟ್ವಿನ್ ಅಂದ್ರೆ ಎರಡು ಬೇರೆ ಬೇರೆ. ಹಳೇ ಕಟ್ಟಡದಲ್ಲಿ ಲಿಫ್ಟ್, ಏಸಿ ಎರಡೂ ಇದ್ದೇ ಇರತ್ತೆ ಅಂದ್ಕೋಬೇಡಿ. ಎಷ್ಟು ಜನ ಅಂತ ಹಾಕುವಾಗ ಮಕ್ಕಳ ವಯಸ್ಸನ್ನ ಸರಿಯಾಗಿ ಹಾಕಿ, ಇಲ್ಲಾಂದ್ರೆ ಅಲ್ಲಿ ಹೋದ್ಮೇಲೆ ಮೂರನೇಯವರಿಗೆ ಹಾಸಿಗೆ ಇಲ್ಲ ಅಂದ್ರೆ ವಾದ ಮಾಡೋಕೆ ನಿಮ್ಮ ಹತ್ರ ಏನೂ ಇರಲ್ಲ.

ಹಂತ 5: ರಿವ್ಯೂ ಓದೋ ಕ್ರಮ

ಒಟ್ಟು ಅಂಕ ನೋಡಿ ಬಿಟ್ಬಿಡ್ಬೇಡಿ. ಹೊಸದರಿಂದ ಹಳೇದಕ್ಕೆ ಜೋಡಿಸಿ ಕಳೆದ ಮೂರ್ನಾಲ್ಕು ತಿಂಗಳದ್ದು ಓದಿ, ಯಾಕಂದ್ರೆ ಮಾಲೀಕರು ಬದಲಾಗಿರ್ತಾರೆ, ಪಕ್ಕದಲ್ಲಿ ಹೊಸ ಬಿಲ್ಡಿಂಗ್ ಕೆಲಸ ಶುರುವಾಗಿ ಬೆಳಗ್ಗೆ ಏಳಕ್ಕೆ ಡ್ರಿಲ್ಲಿಂಗ್ ನಡೀತಿರತ್ತೆ, ಹಳೇ ಒಳ್ಳೇ ರಿವ್ಯೂ ಇದನ್ನ ಹೇಳಲ್ಲ. ಐದಕ್ಕೆ ಐದು ಕೊಟ್ಟವರದ್ದಕ್ಕಿಂತ ಮೂರು ಕೊಟ್ಟವರ ಮಾತು ಜಾಸ್ತಿ ಉಪಯೋಗಕ್ಕೆ ಬರತ್ತೆ, ಅವರು ಏನು ಚೆನ್ನಾಗಿತ್ತು ಏನು ಇರಲಿಲ್ಲ ಅಂತ ಎರಡೂ ಬರ್ದಿರ್ತಾರೆ. ರಿವ್ಯೂ ಒಳಗೆ ಸರ್ಚ್ ಇದ್ರೆ ಶಬ್ದ, ವಾಸನೆ, ತಿಗಣೆ, ಬಿಸಿನೀರು, ಲಿಫ್ಟ್ ಇದಕ್ಕೆಲ್ಲ ಇಂಗ್ಲಿಷ್ ಪದ ಹಾಕಿ ಹುಡುಕಿ. ಒಬ್ಬರು ಒಂದು ಸಲ ಬೈದಿದ್ರೆ ಅವರ ಆ ದಿನ ಸರಿ ಇರಲಿಲ್ಲ ಅಂತ ಬಿಡಬಹುದು, ಅದೇ ದೂರು ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯವರು ಬರ್ದಿದ್ರೆ ಅದು ನಿಜ. ತಿಗಣೆ ಅಂತ ಇತ್ತೀಚೆಗೆ ಇಬ್ಬರು ಬರ್ದಿದ್ರೆ ಆ ಹೋಟೆಲ್ ಕೈಬಿಡಿ, ಎಷ್ಟೇ ಡಿಸ್ಕೌಂಟ್ ಇರ್ಲಿ, ಬಟ್ಟೆ ಜೊತೆ ಮನೆ ತನಕ ಬರೋ ಪೀಡೆ ಅದು.

ಹಂತ 6: ಕೊನೇ ಪೇಜಿನ ಮೊತ್ತ ಇಟ್ಕೊಂಡು ಹೋಲಿಸಿ

ಮೊದಲು ಕಾಣೋ ರೇಟು, ಕೊನೇಲಿ ಕಟ್ಟೋ ದುಡ್ಡು ಎರಡೂ ಒಂದೇ ಆಗಿರಲ್ಲ. ಅನೇಕ ಊರಲ್ಲಿ ಪ್ರವಾಸಿಗರಿಗೆ ಅಂತ ಬೇರೆ ಟ್ಯಾಕ್ಸ್ ಇದೆ, ಕೆಲವು ಕಡೆ ತಲೆಗೆ ಇಷ್ಟು ರಾತ್ರಿಗೆ ಇಷ್ಟು ಅಂತ ರಿಸೆಪ್ಷನ್ನಲ್ಲೇ ಕೇಳ್ತಾರೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2024ರಿಂದ ರೂಮ್ ರೇಟಿನ ಮೇಲೆ ಶೇ 12.5. ಅಮೆರಿಕದಲ್ಲಿ ರೆಸಾರ್ಟ್ ಫೀ, ಡೆಸ್ಟಿನೇಷನ್ ಫೀ ಅಂತ ಹೋಟೆಲಿನವರು ರೂಮ್ ರೇಟಿನ ಮೇಲೆ ಹಾಕೋ ಫೀಗಳನ್ನ ಕೊನೇಲಿ ಸೇರಿಸ್ತಿದ್ರು, 2025ರ ಮೇ 12ರಿಂದ ಕಡ್ಡಾಯ ಫೀಗಳನ್ನ ಮೊದಲೇ ಸೇರಿಸಿ ತೋರಿಸ್ಬೇಕು ಅಂತ ಅಲ್ಲಿ ನಿಯಮ ಬಂದಿದೆ, ಸರ್ಕಾರಿ ಟ್ಯಾಕ್ಸ್ ಮಾತ್ರ ಆಮೇಲೆ ಸೇರಬಹುದು. ಹೋದ ತಕ್ಷಣ ಕೆಲವರು ಕಾರ್ಡಲ್ಲಿ ಡೆಪಾಸಿಟ್ ಅಂತ ಒಂದು ಮೊತ್ತ ಹಿಡಿದಿಡ್ತಾರೆ, ಅದು ಬಿಡುಗಡೆ ಆಗೋಕೆ ದಿನಗಟ್ಟಲೆ ಆಗಬಹುದು, ಡೆಬಿಟ್ ಕಾರ್ಡ್ ಕೊಟ್ರೆ ನಿಮ್ಮ ಅಕೌಂಟಿನ ದುಡ್ಡೇ ಸಿಕ್ಕಾಕ್ಕೊಳ್ಳತ್ತೆ, ಹಾಗಾಗಿ ಸಾಧ್ಯ ಆದ್ರೆ ಕ್ರೆಡಿಟ್ ಕಾರ್ಡ್ ಕೊಡಿ. ಬೇರೆ ದೇಶದಲ್ಲಿ ಸ್ವೈಪ್ ಮಾಡುವಾಗ ನಿಮ್ಮ ದೇಶದ ಕರೆನ್ಸಿನಾ ಆ ದೇಶದ್ದಾ ಅಂತ ಕೇಳಿದ್ರೆ ಆ ದೇಶದ ಕರೆನ್ಸಿನೇ ಆರಿಸಿ, ಇನ್ನೊಂದರಲ್ಲಿ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ತಾರೀಖು ಸ್ವಲ್ಪ ಹಿಂದೆ ಮುಂದೆ ಆಗೋ ಹಾಗಿದ್ರೆ ಅದನ್ನೂ ತಿರುಗಿಸಿ ನೋಡಿ. ಆಫೀಸುಗಳೇ ತುಂಬಿರೋ ಏರಿಯಾದಲ್ಲಿ ಶನಿವಾರ ಭಾನುವಾರ ರೇಟ್ ಬೀಳತ್ತೆ, ಪ್ರವಾಸಿಗರ ಏರಿಯಾದಲ್ಲಿ ಅದೇ ದಿನ ಏರತ್ತೆ. ಇಡೀ ಊರಲ್ಲಿ ರೇಟು ದಿಢೀರ್ ಅಂತ ಎರಡು ಪಟ್ಟು ಕಂಡ್ರೆ ಆ ವಾರ ಯಾವ್ದೋ ದೊಡ್ಡ ಸಮ್ಮೇಳನ ಇಲ್ಲ ಮ್ಯಾಚ್ ಇದೆ ಅಂತ ಅರ್ಥ.

ಹಂತ 7: ತಾರೀಖು ಎರಡು ಸಲ ಓದಿ ಬುಕ್ ಮಾಡಿ

ಇಲ್ಲಿ ಬುದ್ಧಿವಂತರೂ ಎಡವ್ತಾರೆ. ನಿಮ್ಮ ಫ್ಲೈಟು 11ರ ಮಧ್ಯರಾತ್ರಿ ಕಳೆದು, ಅಂದ್ರೆ 12ನೇ ತಾರೀಖು ಶುರುವಾದ್ಮೇಲೆ, ರಾತ್ರಿ 1 ಗಂಟೆಗೆ ಇಳಿಯತ್ತೆ ಅಂತಿಟ್ಕೊಳ್ಳಿ. 12ಕ್ಕೆ ಅಂತ ಬುಕ್ ಮಾಡಿದ್ರೆ ರೂಮ್ ಸಿಗೋದು 12ರ ಮಧ್ಯಾಹ್ನ 2 ಅಥವಾ 3 ಗಂಟೆಗೆ, ಅಲ್ಲಿ ತನಕ ಸೂಟ್‌ಕೇಸ್ ಜೊತೆ ಲಾಬೀಲಿ ಕೂರ್ಬೇಕು. ಬುಕ್ ಆಗ್ಬೇಕಿರೋದು 11ನೇ ತಾರೀಖಿನ ರಾತ್ರಿ, ಜೊತೆಗೆ ನಾವು ಮಧ್ಯರಾತ್ರಿ ಮೇಲೆ ಬರ್ತೀವಿ ಅಂತ ಹೋಟೆಲ್‌ಗೆ ಒಂದು ಮೆಸೇಜ್ ಹಾಕಿ, ಇಲ್ಲಾಂದ್ರೆ 11ರ ರಾತ್ರಿ ನೀವು ಬರ್ಲಿಲ್ಲ ಅಂತ ಇಡೀ ಬುಕಿಂಗನ್ನೇ ಕ್ಯಾನ್ಸಲ್ ಮಾಡೋ ಹೋಟೆಲ್‌ಗಳಿವೆ. ಸಣ್ಣ ಹೋಟೆಲ್ ಆದ್ರೆ ರಾತ್ರಿ ರಿಸೆಪ್ಷನ್ನಲ್ಲಿ ಜನ ಇರ್ತಾರಾ ಅಂತಾನೂ ಕೇಳಿ.

ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಕ್ಯಾನ್ಸಲ್ ಮಾಡಬಹುದಾದ ರೇಟನ್ನೇ ಮೊದಲು ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ, ಹೋಗೋಕೆ ಒಂದೆರಡು ವಾರ ಮುಂಚೆ ಮತ್ತೆ ರೇಟ್ ನೋಡಿ, ಇಳಿದಿದ್ರೆ ಹೊಸದು ಬುಕ್ ಮಾಡಿ ಹಳೇದನ್ನ ಬಿಡಿ. ಕ್ಯಾನ್ಸಲ್ ಮಾಡೋ ಕೊನೇ ಗಡುವು ಸಾಮಾನ್ಯವಾಗಿ ಹೋಟೆಲ್ ಇರೋ ಊರಿನ ಟೈಮ್ ಪ್ರಕಾರ, ನಿಮ್ಮೂರಿನ ಟೈಮಲ್ಲ. ಹೋಟೆಲಿನ ಸ್ವಂತ ವೆಬ್‌ಸೈಟನ್ನೂ ಒಂದು ಸಲ ನೋಡಿ, ಬುಕಿಂಗ್ ಸೈಟಿಗೆ ಅವರು ಕಮಿಷನ್ ಕೊಡ್ಬೇಕು, ನೇರ ಬಂದವರಿಗೆ ಅದರಲ್ಲಿ ಸ್ವಲ್ಪ ಬಿಡೋರಿದಾರೆ, ಬೇಗ ಚೆಕ್-ಇನ್ನೋ ಮೇಲಿನ ಮಹಡಿನೋ ಕೇಳಿದ್ರೂ ಕಿವಿ ಮೇಲೆ ಹಾಕ್ಕೊಳ್ತಾರೆ.

ಬುಕ್ ಆದ್ಮೇಲೆ ‘ನಿಮ್ಮ ಕಾರ್ಡ್ ಮತ್ತೆ ವೆರಿಫೈ ಮಾಡಿ, ಇಲ್ಲಾಂದ್ರೆ ಬುಕಿಂಗ್ ಹೋಗತ್ತೆ’ ಅಂತ ಲಿಂಕ್ ಬಂದ್ರೆ ಮುಟ್ಟಲೇಬೇಡಿ. ಹೋಟೆಲಿನ ಅಕೌಂಟನ್ನೇ ಕದ್ದು ನಿಮ್ಮ ಹೆಸರು, ತಾರೀಖು ಎಲ್ಲಾ ಸರಿಯಾಗಿ ಹಾಕಿ ಕಳಿಸೋ ಮೋಸ ಇದು, ನೋಡೋಕೆ ಅಸಲಿ ಥರಾನೇ ಇರತ್ತೆ. ಅನುಮಾನ ಬಂದ್ರೆ ಹೋಟೆಲ್ ನಂಬರ್‌ನ ನೀವೇ ಹುಡುಕಿ ಫೋನ್ ಮಾಡಿ.

ಹಂತ 8: ರೂಮಿಗೆ ಹೋದ ಮೊದಲ ಹತ್ತು ನಿಮಿಷ

ಸೂಟ್‌ಕೇಸ್ ಹಾಸಿಗೆ ಮೇಲೆ ಇಡ್ಬೇಡಿ, ಬಾತ್‌ರೂಮಿನ ನೆಲದ ಮೇಲೆ ಇಟ್ಟು ಬನ್ನಿ. ಬೆಡ್‌ಶೀಟಿನ ಮೂಲೆ ಎತ್ತಿ ಹಾಸಿಗೆ ಹೊಲಿಗೆ ಉದ್ದಕ್ಕೂ, ತಲೆ ಕಡೆ ಹಲಗೆ ಹಿಂದೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಪೆನ್ನಿನ ಇಂಕ್ ಚುಕ್ಕಿ ಥರ ಕಪ್ಪು ಕಲೆ ಕಂಡ್ರೆ ತಿಗಣೆ ಇರಬಹುದು ಅಂತ ಅರ್ಥ. ಬಿಸಿನೀರು, ಫ್ಲಶ್, ಏಸಿ, ಬಾಗಿಲ ಒಳಗಿನ ಚಿಲಕ ಎಲ್ಲಾ ಒಂದೊಂದ್ಸಲ ಹಾಕಿ ನೋಡಿ. ಬಾಗಿಲ ಹಿಂದೆ ಅಂಟಿಸಿರೋ ನಕ್ಷೆ ನೋಡಿ ಬೆಂಕಿ ಬಿದ್ದಾಗ ಇಳಿಯೋ ಮೆಟ್ಟಿಲು ಎಲ್ಲಿದೆ ಅಂತ ಕಾರಿಡಾರಲ್ಲಿ ನಡೆದು ಹೋಗಿ ನೋಡ್ಕೊಂಡು ಬನ್ನಿ, ಹೊಗೆ ತುಂಬಿದಾಗ ನಕ್ಷೆ ಓದೋಕಾಗಲ್ಲ. ಮಹಡಿ ಆರಿಸೋಕೆ ಬಿಟ್ರೆ 3ರಿಂದ 6ನೇ ಮಹಡಿ ಒಳ್ಳೇದು ಅಂತ ಹೇಳ್ತೀನಿ, ಬೀದಿಯಿಂದ ಯಾರೂ ಸುಲಭವಾಗಿ ಹತ್ತಿ ಬರೋಕಾಗಲ್ಲ, ಸಾಮಾನ್ಯವಾಗಿ ಅಗ್ನಿಶಾಮಕದವರ ಏಣಿ ಮುಟ್ಟೋ ಎತ್ತರಾನೂ ಹೌದು.

ಏನಾದ್ರೂ ಸರಿ ಇಲ್ಲ ಅನ್ನಿಸಿದ್ರೆ ಬಟ್ಟೆ ಹೊರಗೆ ತೆಗೆಯೋ ಮುಂಚೆನೇ ಒಂದು ಫೋಟೋ ತೆಗೆದಿಟ್ಕೊಂಡು ಕೆಳಗೆ ಹೋಗಿ ಬೇರೆ ರೂಮ್ ಕೇಳಿ. ತಿಗಣೆ ಇದ್ರೆ ಪಕ್ಕದ ರೂಮು, ಅದರ ಮೇಲಿನದು, ಕೆಳಗಿನದು ಬೇಡ ಅನ್ನಿ, ಅದು ಗೋಡೆ ಸಂದೀಲಿ ದಾಟಿ ಹೋಗತ್ತೆ. ಹೊಸ ರೂಮ್ ಕೊಟ್ರೆ ಅಲ್ಲೂ ಹಾಸಿಗೆ ಮೂಲೆ ಎತ್ತಿ ನೋಡಿದ್ಮೇಲೇನೇ ಸೂಟ್‌ಕೇಸ್ ಒಳಗೆ ತನ್ನಿ.