ಮತ್ತೆ ಬಸಿರಾದಾಗ ಮೊದಲು ಫೈಲು ತೆಗೆಯಿರಿ

ಕಾರಟಗಿ ಕಡೆ ಕೊಟ್ಟಿರುವ ನನ್ನ ತಂಗಿಗೆ ಮೂರು ಸಲ ಗರ್ಭ ನಿಲ್ಲಲಿಲ್ಲ. ಮೂರನೇ ಸಲ ಆದಮೇಲೆ ಅವಳ ಅತ್ತೆ ಸ್ಕ್ಯಾನ್ ಕಾಗದಗಳನ್ನೆಲ್ಲ ಒಲೆಗೆ ಹಾಕಿದರು. ಕೆಟ್ಟ ಮನಸ್ಸಿನಿಂದ ಅಲ್ಲ. 'ಹೋದದ್ದರ ಕಾಗದ ಮನ್ಯಾಗ ಇಟ್ಕೋಬಾರದವ್ವ' ಅನ್ನುವುದು ಅವರ ನಂಬಿಕೆ. ಮುಂದೆ ಕೊಪ್ಪಳದಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, 'ಹಿಂದಿನವು ಎಷ್ಟೆಷ್ಟು ವಾರಕ್ಕೆ ಹೋದವು? ಹೃದಯ ಬಡಿತ ಬಂದಿತ್ತಾ?' ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಗರ್ಭಪಾತವಾದ ಮೇಲೆ ಮತ್ತೆ ಬಸಿರಾದವರಿಗೆ ನಮ್ಮ ಕಡೆ ಸಿಗುವ ಸಲಹೆ ಒಂದೇ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ, ಸುಮ್ನೆ ಮಲಗಿರು. ಓಣಿಯವರಿಗೆ ಹೇಳದಿದ್ದರೆ ಏನೂ ನಷ್ಟ ಇಲ್ಲ. ಆದರೆ ಡಾಕ್ಟರಿಗೂ ಹೇಳದೆ ಕೂತರೆ? ಹೆಚ್ಚಿನ ಗರ್ಭಪಾತಗಳು ಆಗುವುದೇ ಮೊದಲ 12 ವಾರದೊಳಗೆ. ಸಹಾಯ ಬೇಕಾದ ವಾರಗಳನ್ನೇ ನಾವು ಮೌನದಲ್ಲಿ ಕಳೆದುಬಿಡುತ್ತೇವೆ. ಅದಕ್ಕೇ ಈ ಲೇಖನ.

ಬಸಿರಾಗುವ ಮೊದಲೇ ಶುರು

ಒಂದು ಪ್ಲಾಸ್ಟಿಕ್ ಫೈಲು ತನ್ನಿ. ಹಿಂದಿನ ಪ್ರತಿ ಬಸಿರಿಗೂ ಒಂದು ಹಾಳೆ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು, ಎಷ್ಟನೇ ವಾರಕ್ಕೆ ಹೋಯಿತು, ಸ್ಕ್ಯಾನಿನಲ್ಲಿ ಬಡಿತ ಕಂಡಿತ್ತಾ, ನೋವು ಮೊದಲು ಬಂತಾ, ರಕ್ತ ಮೊದಲು ಹೋಯಿತಾ, ಗರ್ಭಚೀಲ ಸ್ವಚ್ಛ ಮಾಡಿಸಿದಿರಾ, ಮಾತ್ರೆಯಲ್ಲೇ ಆಯಿತಾ. ನೆನಪಿದ್ದಷ್ಟು ಬರೆಯಿರಿ. ಕಾಗದ ಕಳೆದಿದ್ದರೆ ತೋರಿಸಿದ್ದ ಆಸ್ಪತ್ರೆಯಲ್ಲಿ, ಸ್ಕ್ಯಾನ್ ಸೆಂಟರಿನಲ್ಲಿ ನಕಲು ಕೇಳಿ. ಇನ್ನೊಂದು ಮಾತು. ಸ್ಕ್ಯಾನಿನ ಜೊತೆ ಕೊಡುವ ಆ ನುಣುಪು ಕಪ್ಪು-ಬಿಳುಪು ಚಿತ್ರ ಶಾಖಕ್ಕೆ ಮಾಸುವ ಕಾಗದ. ತಗಡಿನ ಮನೆಯಲ್ಲಿ, ನಮ್ಮ ಏಪ್ರಿಲ್ ಬಿಸಿಲಿಗೆ, ಏನೂ ಕಾಣದ ಹಾಗೆ ಆಗಿಬಿಡುತ್ತದೆ. ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ವಾರದ ಲೆಕ್ಕಕ್ಕೆ ಇಷ್ಟು ಮಹತ್ವ ಯಾಕೆ? ಯಾವಾಗ ಹೋಯಿತು ಅನ್ನುವುದರಲ್ಲೇ ಯಾಕೆ ಹೋಯಿತು ಅನ್ನುವ ಸುಳಿವು ಇರುತ್ತದೆ. ಆರೇಳು ವಾರಕ್ಕೆ ಬಡಿತವೇ ಬಾರದೆ ಹೋದದ್ದು ಬಹಳ ಸಲ ಆ ಪಿಂಡದ ಕ್ರೋಮೋಸೋಮಿನಲ್ಲೇ, ಅಂದರೆ ವಂಶದ ಗುಣ ಹೊತ್ತ ಎಳೆಗಳಲ್ಲೇ, ಆದ ಏರುಪೇರು. ತಾಯಿ ಬಿಂದಿಗೆ ಎತ್ತಿದ್ದಕ್ಕೂ, ಬಸ್ಸಿನಲ್ಲಿ ಓಡಾಡಿದ್ದಕ್ಕೂ, ಪಪ್ಪಾಯಿ ತಿಂದದ್ದಕ್ಕೂ ಆದದ್ದಲ್ಲ. ಹತ್ತು ವಾರ ದಾಟಿ, ಬಡಿತ ಬಂದು, ಆಮೇಲೆ ನಿಂತಿದ್ದರೆ ಡಾಕ್ಟರು ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆಯನ್ನು ಹುಡುಕುತ್ತಾರೆ. ಅದರ ಹೆಸರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚುಟುಕಾಗಿ ಎಪಿಎಸ್. ನಾಲ್ಕು, ಐದನೇ ತಿಂಗಳಲ್ಲಿ ನೋವಿಲ್ಲದೆ ನೀರು ಹೋಗಿ ಕೂಸು ಹೊರಬಂದಿದ್ದರೆ ಗರ್ಭಕೋಶದ ಬಾಯಿ ಸಡಿಲ ಇರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಪಕ್ಕದ ಮನೆಯವಳಿಗೆ ಕೊಟ್ಟ ಮಾತ್ರೆ ನಿಮಗೆ ಹೊಂದದಿರುವುದು ಇದೇ ಕಾರಣಕ್ಕೆ.

ಮೂರು ಸಲ ಆಗಲಿ ನೋಡೋಣ ಅಂತ ಕಾಯುವ ಕಾಲ ಹೋಯಿತು. ಎರಡು ಸಲ ಆಗಿದ್ದರೆ ತಪಾಸಣೆ ಕೇಳಬಹುದು. ಥೈರಾಯ್ಡ್, ಸಕ್ಕರೆ, ಎಪಿಎಸ್ ರಕ್ತ ಪರೀಕ್ಷೆ, ಗರ್ಭಚೀಲದೊಳಗೆ ಪರದೆ ಏನಾದರೂ ಇದೆಯಾ ಅಂತ ನೋಡುವ ಸ್ಕ್ಯಾನ್, ಇಷ್ಟು ಮುಖ್ಯ. ಅಗತ್ಯ ಅನ್ನಿಸಿದರೆ ಗಂಡ ಹೆಂಡತಿ ಇಬ್ಬರದೂ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತಾರೆ. ಎಪಿಎಸ್ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಇನ್ನೊಮ್ಮೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಮುಂದಿನ ಬಸಿರಿಗೆ ಮೊದಲೇ ಇದನ್ನು ಮುಗಿಸಿ ಅನ್ನುವುದು ಅದಕ್ಕೇ. ಟಾರ್ಚ್ ಅನ್ನುವ, ಕೆಲವು ಸೋಂಕು ಹುಡುಕುವ ರಕ್ತ ಪರೀಕ್ಷೆಯನ್ನು ನಮ್ಮಲ್ಲಿ ಬಹಳ ಕಡೆ ಬರೆದುಕೊಡುತ್ತಾರೆ. ಪದೇ ಪದೇ ಗರ್ಭಪಾತಕ್ಕೆ ಕಾರಣ ಹುಡುಕಲು ಅದನ್ನು ಎಲ್ಲರಿಗೂ ಮಾಡಿಸುವ ಅಗತ್ಯ ಇಲ್ಲ. 'ಇದು ಯಾಕೆ ಬೇಕು ಡಾಕ್ಟ್ರೇ?' ಅಂತ ಕೇಳುವುದು ಉದ್ಧಟತನ ಅಲ್ಲ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆ ಆಗಿದ್ದರೆ ಅದನ್ನೂ ಹೇಳಿ. ಸಂಬಂಧದೊಳಗಿನ ಮದುವೆ ತಪ್ಪು ಅಂತ ಯಾರೂ ಬೈಯಲು ಕೂತಿಲ್ಲ, ಯಾವ ಪರೀಕ್ಷೆ ಮಾಡಿಸಬೇಕು ಅಂತ ತೀರ್ಮಾನಿಸಲು ಬೇಕಾಗುತ್ತದೆ. ತಂಬಾಕು, ಕಡ್ಡಿಪುಡಿ ಹಾಕುವ ಅಭ್ಯಾಸ ಇದ್ದರೆ ಬಿಡಿ, ಹೆಂಗಸರೂ ಗಂಡಸರೂ. ಫೋಲಿಕ್ ಆಸಿಡ್ ಮಾತ್ರೆ ಬಸಿರಾಗುವ ಮೊದಲೇ ಶುರುವಾಗಲಿ.

ಮತ್ತೆ ಒಂದು ಸಮಾಧಾನದ ಮಾತು. ಎಲ್ಲ ಪರೀಕ್ಷೆ ಮಾಡಿಸಿದರೂ ಸುಮಾರು ಅರ್ಧದಷ್ಟು ಜನರಲ್ಲಿ ಕಾರಣ ಸಿಗುವುದಿಲ್ಲ. ಕೇಳಲು ಬೇಜಾರಾಗುತ್ತದೆ, ಅಲ್ವಾ? ಆದರೆ ಕಾರಣ ಸಿಗದ ಈ ಗುಂಪಿನಲ್ಲಿ ಹೆಚ್ಚಿನವರು ಮುಂದೆ ಮಗು ಹೆತ್ತಿದ್ದಾರೆ.

ಎರಡು ಗೆರೆ ಕಂಡ ದಿನ

ಅದೇ ವಾರ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ, ಡಾಕ್ಟರಿಗೆ ಫೋನ್ ಮಾಡಿ. ಹಿಂದೆ ಹೀಗಾಗಿದೆ ಅನ್ನುವುದನ್ನು ಮೊದಲ ಮಾತಿನಲ್ಲೇ ತಿಳಿಸಿ. ಕಾರ್ಡಿನ ಮೇಲೆ ಕೆಂಪು ಸ್ಟಿಕರ್ ಅಂಟಿಸಿದರೆ ಹೆದರಬೇಡಿ. ಈಕೆಯನ್ನು ಹೆಚ್ಚು ಗಮನಿಸಿ ನೋಡಿ ಅಂತ ಮುಂದಿನವರಿಗೆ ಹೇಳುವ ಗುರುತು ಅದು, ಅಷ್ಟೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯ ತಪಾಸಣೆ ಆಗುತ್ತದೆ. ಹೆಚ್ಚಿನದಕ್ಕೆ ಕೊಪ್ಪಳದ ಕಿಮ್ಸ್ ಇದೆ, ರಾಯಚೂರಿನ ರಿಮ್ಸ್ ಇದೆ, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯ ತಪಾಸಣೆ, ಔಷಧಿ, ಹೆರಿಗೆ ಉಚಿತ. ನಾಲ್ಕನೇ ತಿಂಗಳಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿಯೇ ವಿಶೇಷ ತಪಾಸಣೆ ನಡೆಯುತ್ತದೆ. ಖಾಸಗಿಯಲ್ಲಿ ತೋರಿಸುವವರೂ ಅದನ್ನು ಬಳಸಿಕೊಳ್ಳಬಹುದು.

ಮೊದಲ ಸ್ಕ್ಯಾನ್

ಆತುರಕ್ಕೆ ಐದನೇ ವಾರಕ್ಕೇ ಹೋದರೆ ಬರೀ ಪಿಂಡದ ಸುತ್ತಲಿನ ಚೀಲ ಕಾಣುತ್ತದೆ. ಬಡಿತ ಇಲ್ಲ ಅಂತ ಮನೆಯವರೆಲ್ಲ ಅಳುತ್ತಾ ಕೂರುತ್ತಾರೆ. ಏಳನೇ ವಾರದ ಹೊತ್ತಿಗೆ ಹೋದರೆ ಚೆನ್ನಾಗಿ ಕಾಣುತ್ತದೆ. ಆದರೆ ರಕ್ತ ಕಂಡರೆ, ಹೊಟ್ಟೆಯ ಒಂದು ಪಕ್ಕ ಜೋರಾಗಿ ನೋಯುತ್ತಿದ್ದರೆ, ತಲೆ ಸುತ್ತಿ ಬಿದ್ದರೆ ವಾರ ಎಣಿಸಬೇಡಿ, ಆಗಲೇ ಹೊರಡಿ. ಗರ್ಭ ನಳಿಕೆಯಲ್ಲಿ ಕಟ್ಟಿರಬಹುದು, ಅದು ಜೀವಕ್ಕೇ ಅಪಾಯ.

ಈ ಹಂತದ ಸ್ಕ್ಯಾನನ್ನು ಬಹಳ ಸಲ ಯೋನಿಯ ಒಳಗಿನಿಂದ ಮಾಡುತ್ತಾರೆ. ಯಾರೂ ಮೊದಲೇ ಹೇಳಿರುವುದಿಲ್ಲ, ನನ್ನ ತಂಗಿ ಬೆಚ್ಚಿಬಿದ್ದಿದ್ದಳು. ಅದರಿಂದ ಪಿಂಡಕ್ಕೆ ಏನೂ ಆಗುವುದಿಲ್ಲ. ಮೂತ್ರ ಮಾಡಿ ಬಂದು ಮಲಗಿದರೆ ಆಯಿತು, ಜೊತೆಗೆ ಒಬ್ಬ ಹೆಂಗಸು ಇರಲಿ ಅಂತ ಕೇಳಬಹುದು. ಗುರುತಿನ ಚೀಟಿ ಒಯ್ಯಿರಿ, ಒಂದು ಫಾರಂಗೆ ಸಹಿ ಹಾಕಬೇಕಾಗುತ್ತದೆ. ಗಂಡೋ ಹೆಣ್ಣೋ ಅಂತ ಕೇಳುವುದೂ ಹೇಳುವುದೂ ಕಾನೂನಿನಲ್ಲಿ ಅಪರಾಧ.

ಮುಂದಿನ ಸ್ಕ್ಯಾನ್ ಯಾವಾಗ ಅಂತ ಕೇಳಿಯೇ ಏಳಿ. ಹಿಂದೆ ಕಳೆದುಕೊಂಡವರಿಗೆ ಎರಡು ವಾರಕ್ಕೊಮ್ಮೆ ಬಡಿತ ನೋಡಿ ಧೈರ್ಯ ಹೇಳುವ ಡಾಕ್ಟರುಗಳಿದ್ದಾರೆ. ಆಮೇಲೆ 11ರಿಂದ 14 ವಾರದೊಳಗೆ ಒಂದು, 18ರಿಂದ 20 ವಾರದ ಸುಮಾರಿಗೆ ಅಂಗಾಂಗ ನೋಡುವ ಒಂದು. ಹಿಂದೆ ನಾಲ್ಕೈದನೇ ತಿಂಗಳಲ್ಲಿ ಹೋಗಿದ್ದರೆ ಗರ್ಭಕೋಶದ ಬಾಯಿಯ ಉದ್ದ ಅಳೆಯಬೇಕು. ಅದು 25 ಮಿಲಿಮೀಟರಿಗಿಂತ ಕಡಿಮೆ ಆಗಿದ್ದರೆ ಹೊಲಿಗೆಯ ಮಾತು ಬರುತ್ತದೆ. ಕೆಲವರಿಗೆ ಹಿಂದಿನ ಇತಿಹಾಸ ನೋಡಿಯೇ 12ರಿಂದ 14 ವಾರದ ಹೊತ್ತಿಗೆ ಹೊಲಿಗೆ ಹಾಕುತ್ತಾರೆ.

ಮಾತ್ರೆ, ಇಂಜೆಕ್ಷನ್

ಎಪಿಎಸ್ ಖಚಿತವಾದವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಇಂಜೆಕ್ಷನ್ ದಿನಾ ಕೊಡುತ್ತಾರೆ. ಎಪಿಎಸ್ ಇಲ್ಲದವರು ಸುಮ್ನೆ ಚುಚ್ಚಿಸಿಕೊಂಡರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ದಿನಾ ಇಂಜೆಕ್ಷನ್ನಿಗೆ ಅಂತ ಹಳ್ಳಿಯಿಂದ ಪೇಟೆಗೆ ಓಡಾಡುವುದು ಆಗದ ಮಾತು. ಮನೆಯಲ್ಲೇ ತೆಗೆದುಕೊಳ್ಳಲು ನರ್ಸ್ ಕೈಯಲ್ಲಿ ಕಲಿಯಿರಿ. ನನ್ನ ತಂಗಿಗೆ ಅವಳ ಗಂಡನೇ ಕಲಿತು ಕೊಡುತ್ತಿದ್ದ. ಸಣ್ಣ ಸೂಜಿ. ಹೊಟ್ಟೆಯ ಪಕ್ಕದ ಚರ್ಮವನ್ನು ಎರಡು ಬೆರಳಿನಲ್ಲಿ ಮಡಿಕೆ ಹಿಡಿದು, ನೆಟ್ಟಗೆ ಚುಚ್ಚಿ, ನಿಧಾನ ಒತ್ತಬೇಕು. ತೆಗೆದ ಮೇಲೆ ಉಜ್ಜಬಾರದು. ಇವತ್ತು ಎಡಕ್ಕೆ ಆದರೆ ನಾಳೆ ಬಲಕ್ಕೆ. ಅಲ್ಲಲ್ಲಿ ನೀಲಿಗಟ್ಟುತ್ತದೆ, ಅದು ಸಾಮಾನ್ಯ. ಬಿಸಿಲುಗಾಲದಲ್ಲಿ ಎಲ್ಲಿ ಇಡಬೇಕು ಅಂತ ಮೆಡಿಕಲ್ ಶಾಪಿನವರನ್ನು ಕೇಳಿ. ನಮ್ಮ ಮನೆಗಳು ಮೇ ತಿಂಗಳಲ್ಲಿ ಒಲೆಯ ಹಾಗೆ ಕಾಯುತ್ತವೆ. ಆದರೆ ತಂಪಾಗಿರಲಿ ಅಂತ ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಂತೆ.

ಪ್ರೊಜೆಸ್ಟರಾನ್ ಅನ್ನುವ, ಗರ್ಭ ನಿಲ್ಲಲು ಬೇಕಾದ ಹಾರ್ಮೋನಿನ ಮಾತ್ರೆ ಎಲ್ಲರಿಗೂ ಬೇಕು ಅಂತಿಲ್ಲ. ಹಿಂದೆ ಗರ್ಭಪಾತ ಆಗಿ, ಈ ಸಲವೂ ಶುರುವಿನಲ್ಲಿ ರಕ್ತ ಕಂಡವರಿಗೆ ಅದರಿಂದ ಉಪಯೋಗ ಇದೆ. ಸಾಮಾನ್ಯವಾಗಿ ಯೋನಿಯ ಒಳಗೆ ಇಟ್ಟುಕೊಳ್ಳುವ ಮಾತ್ರೆ. ಎಷ್ಟು ವಾರದವರೆಗೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ಮಲಗುವ ವಿಚಾರ. ಮೂರು ತಿಂಗಳು ಮಂಚ ಇಳಿಯದೆ ಇದ್ದರೆ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಒಂದೇ ಸಮ ಮಲಗಿದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಎಪಿಎಸ್ ಇರುವವರಿಗಂತೂ ಇನ್ನೂ ಜಾಸ್ತಿ. ಮನೆಗೆಲಸ, ನಡೆದಾಟ ಇರಲಿ. ಹೊಲಕ್ಕೆ ಕ್ರಿಮಿನಾಶಕದ ಎಣ್ಣೆ ಹೊಡೆಯುವ ದಿನ ಮಾತ್ರ ಆ ಕಡೆ ಹೋಗಬೇಡಿ.

ರಕ್ತ ಕಂಡರೆ

ರಕ್ತ ಕಂಡವರೆಲ್ಲರಿಗೂ ಗರ್ಭ ಹೋಗುವುದಿಲ್ಲ. ಪ್ಯಾಡ್ ಹಾಕಿಕೊಳ್ಳಿ, ಎಷ್ಟು ನೆನೆಯಿತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಡಾಕ್ಟರಿಗೆ ತಿಳಿಸಿ, ಸ್ಕ್ಯಾನ್ ಮಾಡಿಸಿ. ಗಂಟೆಗೊಂದು ಪ್ಯಾಡ್ ತುಂಬಿದರೆ, ಜ್ವರ ಇದ್ದರೆ 108ಕ್ಕೆ ಕರೆ ಮಾಡಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ನೆನಪಿಸಿ, ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ನೋಡುತ್ತಾರೆ.

ಬರೆಯಲು ಕೈ ಬರುತ್ತಿಲ್ಲ, ಆದರೂ ಹೇಳಬೇಕು. ಈ ಸಲವೂ ಉಳಿಯದಿದ್ದರೆ, ಹೊರಬಂದದ್ದನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಲು ಆಗುತ್ತಾ ಅಂತ ಕೇಳಿ. ಅದನ್ನು ಸಲೈನಿನಲ್ಲಿ ಕಳಿಸಬೇಕು, ಮಾದರಿ ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಹಾಕಿದರೆ ಆ ಪರೀಕ್ಷೆಗೆ ಬರುವುದಿಲ್ಲ. ನೌಕರಿಯಲ್ಲಿದ್ದವರಿಗೆ ಕಾನೂನಿನಲ್ಲಿ ಗರ್ಭಪಾತಕ್ಕೂ ಆರು ವಾರದ ಸಂಬಳ ಸಹಿತ ರಜೆ ಇದೆ.

ಮನಸ್ಸಿಗೂ ಡಾಕ್ಟರು ಬೇಕು

ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆ ನೋಡಿಕೊಳ್ಳುವುದು. ರಾತ್ರಿ ಎದ್ದು ಹೊಟ್ಟೆ ಮುಟ್ಟಿಕೊಳ್ಳುವುದು. ವಾಂತಿ ಒಂದು ದಿನ ಕಡಿಮೆಯಾದರೆ ಜೀವ ಹೋದಂತೆ ಆಗುವುದು. ನನ್ನ ತಂಗಿ ಐದನೇ ತಿಂಗಳವರೆಗೆ ಹೀಗೇ ಇದ್ದಳು. ಕುಬಸದ ಮಾತು ತೆಗೆದರೆ ಎದ್ದು ಹೋಗುತ್ತಿದ್ದಳು. ಇದು ಸೊಕ್ಕೂ ಅಲ್ಲ, ನಾಟಕವೂ ಅಲ್ಲ, ಮೂರು ಸಲ ಪೆಟ್ಟು ತಿಂದ ಮನಸ್ಸು. ತಪಾಸಣೆಯಲ್ಲಿ ಇದನ್ನೂ ಹೇಳಿ. ನಿದ್ದೆ ಬಾರದೆ, ಊಟ ಸೇರದೆ ಇದ್ದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೆ ಒಂದು ಬೇಡಿಕೆ: 'ಈ ಸಲನಾದ್ರೂ ಹುಷಾರಾಗಿರು' ಅನ್ನಬೇಡಿ. ಹಿಂದಿನ ಸಲವೂ ಅವಳು ಹುಷಾರಾಗಿಯೇ ಇದ್ದಳು.

ಹೆರಿಗೆ ಹತ್ತಿರ ಬಂದಾಗ

ಕೂಸಿನ ಮಿಸುಕಾಟ ದಿನಾ ಗಮನಿಸಿ, ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ತವರಿಗೆ ಹೋಗುವುದಿದ್ದರೆ ಅಲ್ಲಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ ಅಂತ ಮೊದಲೇ ನೋಡಿಕೊಳ್ಳಿ, ಫೈಲು ಜೊತೆಗೇ ಇರಲಿ. ಹೊಲಿಗೆ ಹಾಕಿಸಿಕೊಂಡವರು ಅದನ್ನು ಯಾವಾಗ ಬಿಚ್ಚಿಸಬೇಕು ಅಂತ ಬರೆಸಿಕೊಂಡಿರಬೇಕು. ಹೆಪಾರಿನ್ ತೆಗೆದುಕೊಳ್ಳುವವರು ನೋವು ಶುರುವಾಯಿತು ಅನ್ನಿಸಿದರೆ ಮುಂದಿನ ಇಂಜೆಕ್ಷನ್ ಚುಚ್ಚಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು. ಬೆನ್ನಿಗೆ ಅರಿವಳಿಕೆ ಕೊಡುವ ಮೊದಲು ಡಾಕ್ಟರು ಕೇಳುವುದು, ಕೊನೆಯದು ಎಷ್ಟು ಗಂಟೆಗೆ ಆಯಿತು ಅಂತ. ಆ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ. ಒಂಬತ್ತನೇ ತಿಂಗಳಲ್ಲಿ ತಂಗಿಯ ಗಂಡ ಪ್ರತಿ ದಿನ ಇಂಜೆಕ್ಷನ್ ಕೊಟ್ಟ ಕೂಡಲೇ ತಾರೀಖು, ಗಂಟೆ ಎರಡನ್ನೂ ಫೈಲಿನ ಮೇಲೆ ದೊಡ್ಡದಾಗಿ ಬರೆದಿಡುತ್ತಿದ್ದ.