‘ಹೋದ’ ಸರಿ, ಹೇಗೆ ಹೋದ? ಚಲನೆಗೆ ತಕ್ಕ ಇಂಗ್ಲಿಷ್ ಪದ ಆರಿಸುವ ಬಗೆ

‘ಕೋತಿ ಮರದಿಂದ ಮರಕ್ಕೆ ಹಾರಿತು.’ ಇದನ್ನು ಇಂಗ್ಲಿಷಿಗೆ ತಿರುಗಿಸು ಎಂದು ಪಕ್ಕದ ಮನೆಯ ಹುಡುಗನಿಗೆ ಹೇಳಿದ್ದೆ. ‘ದಿ ಮಂಕಿ ಫ್ಲೂ’ ಎಂದು ಬರೆದು ತಂದ. ನಗು ಬಂತು. ಆದರೆ ತಪ್ಪು ಪೂರ್ತಿ ಅವನದೇ ಎನ್ನಲಾರೆ. ಹಕ್ಕಿ ಹಾರುವುದಕ್ಕೂ ಕಳ್ಳ ಗೋಡೆ ಹಾರುವುದಕ್ಕೂ ನಮಗೆ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ರೆಕ್ಕೆಯ ಕೆಲಸಕ್ಕೆ ‘ಫ್ಲೈ’, ಕಾಲಿನ ಕೆಲಸಕ್ಕೆ ‘ಜಂಪ್’. ಎರಡನ್ನೂ ಬೆರೆಸಿದರೆ ಕೋತಿಗೆ ರೆಕ್ಕೆ ಮೂಡುತ್ತದೆ.

ಕನ್ನಡದಲ್ಲಿ ವಾಕ್ಯದ ಕೊನೆಯ ಕ್ರಿಯಾಪದ ಸಾಮಾನ್ಯವಾಗಿ ದಿಕ್ಕನ್ನು ಹೇಳುತ್ತದೆ: ಬಂದ, ಹೋದ, ಹತ್ತಿದ, ಇಳಿದ, ದಾಟಿದ, ಹೊಕ್ಕ. ‘ಹೇಗೆ’ ಎಂಬುದು ಅದರ ಹಿಂದೆ ಬೇರೆಯಾಗಿ ನಿಲ್ಲುತ್ತದೆ: ಕುಂಟುತ್ತಾ ಬಂದ, ತೂರಾಡುತ್ತಾ ಹೋದ. ಇಂಗ್ಲಿಷ್ ಇದನ್ನು ತಿರುವುಮುರುವು ಮಾಡುತ್ತದೆ. ‘ಹೇಗೆ’ ಎಂಬುದೇ ಅಲ್ಲಿ ಕ್ರಿಯಾಪದ. ದಿಕ್ಕಿಗೆ ‘ಇನ್’, ‘ಔಟ್’, ‘ಅಕ್ರಾಸ್’ ಎಂಬಂಥ ಪುಟ್ಟ ಬಾಲ. ಕುಂಟುತ್ತಾ ಒಳಗೆ ಬಂದರೆ ‘ಲಿಂಪ್ಡ್ ಇನ್’. ಅಮೆರಿಕದ ಭಾಷಾವಿಜ್ಞಾನಿ ಲೆನಾರ್ಡ್ ಟಾಲ್ಮಿ ಜಗತ್ತಿನ ಭಾಷೆಗಳನ್ನು ಹೀಗೆ ಎರಡು ಬಣವಾಗಿ ನೋಡಬಹುದೆಂದು ತೋರಿಸಿದರು. ನಮ್ಮ ಬಣದಲ್ಲಿ ಸ್ಪ್ಯಾನಿಷ್ ಕೂಡ ಇದೆ, ಆದ್ದರಿಂದ ಇದು ನಮ್ಮೊಬ್ಬರ ಪಾಡಲ್ಲ.

ಹಾಗಾಗಿ ಮೊದಲ ಕೆಲಸ, ಕನ್ನಡ ವಾಕ್ಯವನ್ನು ಎರಡು ಹೋಳು ಮಾಡುವುದು. ‘ಹೇಗೆ’ ಒಂದು ಕಡೆ, ‘ಎಲ್ಲಿಗೆ’ ಇನ್ನೊಂದು ಕಡೆ. ಮೊದಲ ಹೋಳಿಗೆ ಕ್ರಿಯಾಪದ ಹುಡುಕಿ, ಎರಡನೆಯದಕ್ಕೆ ಬಾಲ ಹಚ್ಚಿ. ‘ಕೇಮ್’, ‘ವೆಂಟ್’ ಎಂದು ಬರೆಯಲು ಕೈ ತವಕಿಸುತ್ತದೆ, ತಡೆಯಿರಿ.

ಎರಡನೆಯದಾಗಿ, ಕಾಲು ನೋಡಿ. ಈ ಪದಗಳ ಗಡಿ ಎಷ್ಟು ಖಚಿತ ಎಂಬುದು ನಿಘಂಟಿಗಿಂತ ಚೆನ್ನಾಗಿ ಆಟದ ಮೈದಾನದಲ್ಲಿ ಕಾಣುತ್ತದೆ. ‘ವಾಕ್’ ಎಲ್ಲಿ ಮುಗಿದು ‘ರನ್’ ಎಲ್ಲಿ ಶುರುವಾಗುತ್ತದೆ? ಒಲಿಂಪಿಕ್ಸ್‌ನಲ್ಲಿ ವೇಗದ ನಡಿಗೆಯ ಸ್ಪರ್ಧೆ ಇದೆಯಲ್ಲ, ಅದರ ನಿಯಮದ ಪ್ರಕಾರ ಬರಿಗಣ್ಣಿಗೆ ಕಾಣುವಂತೆ ಒಂದಾದರೂ ಪಾದ ಸದಾ ನೆಲಕ್ಕೆ ತಾಗಿರಬೇಕು. ಎರಡೂ ಪಾದ ಮೇಲೆದ್ದದ್ದು ಕಂಡರೆ ಅದು ನಡಿಗೆಯಲ್ಲ. ಎಂದರೆ ವ್ಯತ್ಯಾಸ ಇರುವುದು ವೇಗದಲ್ಲಲ್ಲ. ಆ ನಡಿಗೆಗಾರರು ನಿಮ್ಮ ನನ್ನ ಓಟವನ್ನು ಆರಾಮವಾಗಿ ಹಿಂದೆ ಹಾಕುತ್ತಾರೆ.

ಜಿಗಿತದ ಪದಗಳಿಗೆ ಟ್ರಿಪಲ್ ಜಂಪ್ ನೋಡಿ. ಅದರ ಹಳೆಯ ಹೆಸರೇ ‘ಹಾಪ್, ಸ್ಟೆಪ್ ಅಂಡ್ ಜಂಪ್’. ಯಾವ ಕಾಲಿನಿಂದ ಚಿಮ್ಮಿದಿರೋ ಅದೇ ಕಾಲಿನ ಮೇಲೆ ಇಳಿದರೆ ‘ಹಾಪ್’, ಇನ್ನೊಂದು ಕಾಲಿಗೆ ಭಾರ ದಾಟಿಸಿದರೆ ‘ಸ್ಟೆಪ್’, ಆಮೇಲೆ ಮರಳಿನ ಗುಂಡಿಗೆ ಬೀಳುವುದು ‘ಜಂಪ್’. ಕುಂಟೆಬಿಲ್ಲೆ ಆಡಿದವರಿಗೆ ‘ಹಾಪ್’ ವಿವರಿಸಬೇಕಿಲ್ಲ. ಕಪ್ಪೆಯದೂ ಗುಬ್ಬಚ್ಚಿಯದೂ ‘ಹಾಪ್’ ಎಂದೇ ಆಗುತ್ತದೆ, ಕುಪ್ಪಳಿಸುವುದು ಎಂಬ ಅರ್ಥದಲ್ಲಿ. ದೂರಕ್ಕೋ ಎತ್ತರಕ್ಕೋ ಭರ್ಜರಿಯಾಗಿ ನೆಗೆದರೆ ‘ಲೀಪ್’. ಹನುಮಂತ ಕಡಲು ದಾಟಿದ್ದು ‘ಲೀಪ್’. ‘ಹಾಪ್’ ಎಂದು ಬರೆದರೆ ಆಂಜನೇಯನನ್ನು ಗುಬ್ಬಿ ಮಾಡಿದಂತೆ.

ಮೂರನೆಯದು, ನಡೆಯುವವನ ಮನಸ್ಸು ನೋಡಿ. ಇಂಗ್ಲಿಷಿನ ಸೊಗಸು ಇರುವುದೂ ನಮ್ಮವರು ಎಡವುವುದೂ ಇಲ್ಲೇ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಂಜೆ ಹೊತ್ತು ನಿಂತರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಹಕ್ಕಿ ನೋಡುತ್ತಾ, ಮಾತಾಡುತ್ತಾ, ಎಲ್ಲಿಗೂ ತಲುಪುವ ಆತುರವಿಲ್ಲದೆ ಅಡ್ಡಾಡುವವರದು ‘ಸ್ಟ್ರೋಲ್’. ಸಕ್ಕರೆ ಕಾಯಿಲೆಗೆ ಹೆದರಿ ಕೈ ಬೀಸಿ ನಡೆಯುವವರದು ‘ಸ್ಟ್ರೋಲ್’ ಅಲ್ಲವೇ ಅಲ್ಲ, ‘ಬ್ರಿಸ್ಕ್ ವಾಕ್’. ದಾಪುಗಾಲು ಹಾಕಿ ಗುರಿಯಿಟ್ಟು ನಡೆದರೆ ‘ಸ್ಟ್ರೈಡ್’. ಅದೇ ನಡಿಗೆಗೆ ಜಂಬ ಸೇರಿ ಎದೆ ಉಬ್ಬಿದರೆ ‘ಸ್ಟ್ರಟ್’, ಹುಂಜದ ಹಾಗೆ. ಮಂತ್ರಿಗಳು ವೇದಿಕೆಗೆ ‘ಸ್ಟ್ರೈಡ್’ ಮಾಡಿದರು ಎಂದರೆ ವರದಿ, ‘ಸ್ಟ್ರಟ್’ ಮಾಡಿದರು ಎಂದರೆ ಟೀಕೆ. ಒಂದು ಪದದಲ್ಲೇ ಬರೆಯುವವನ ಅಭಿಪ್ರಾಯ ಒಳಗೆ ನುಸುಳುತ್ತದೆ.

ದಣಿದ ಕಾಲುಗಳಿಗೆ ಬೇರೆಯದೇ ಸಾಲು ಇದೆ. ಕೆಸರಿನಲ್ಲಿ, ಭಾರ ಹೊತ್ತು, ಹೆಜ್ಜೆ ಕಿತ್ತಿಡುತ್ತಾ ಸಾಗುವುದು ‘ಟ್ರಡ್ಜ್’. ನಿಧಾನವಾದರೂ ಬಿಡದೆ ಒಂದೇ ಸಮನೆ ಎಳೆಯುವುದು ‘ಪ್ಲಾಡ್’, ಗಾಣದೆತ್ತಿನಂತೆ. ಮೊಣಕಾಲುದ್ದ ನೀರು ಸೀಳಿಕೊಂಡು ಹೋದರೆ ‘ವೇಡ್’. ಸಮತೋಲ ತಪ್ಪಿ ತೂರಾಡಿದರೆ ‘ಸ್ಟ್ಯಾಗರ್’. ಇದಕ್ಕೆ ಕುಡಿದೇ ಇರಬೇಕೆಂದಿಲ್ಲ, ಏಟು ತಿಂದವನೂ ತೂರಾಡುತ್ತಾನೆ. ಹೆಜ್ಜೆ ತಪ್ಪಿ ಮುಗ್ಗರಿಸಿದರೆ ‘ಸ್ಟಂಬಲ್’, ಕಾಲಿಗೆ ಏನೋ ತಗುಲಿ ಎಡವಿದರೆ ‘ಟ್ರಿಪ್’. ಹೌದು, ನಾವು ಗೋವಾಕ್ಕೆ ಹೊಡೆಯುವ ಟ್ರಿಪ್ಪೂ ಎಡವುವ ಟ್ರಿಪ್ಪೂ ಒಂದೇ ಪದ.

ಇಲ್ಲೊಂದು ಎಚ್ಚರಿಕೆ. ಕನ್ನಡ–ಇಂಗ್ಲಿಷ್ ನಿಘಂಟು ‘ಅಲೆದಾಡು’ ಎಂಬುದರ ಮುಂದೆ ಅಲ್ಪವಿರಾಮ ಹಾಕಿ ನಾಲ್ಕು ಪದ ಕೊಟ್ಟಿದ್ದರೆ, ನಾಲ್ಕೂ ಒಂದೇ ಎಂದುಕೊಂಡು ಮೊದಲನೆಯದನ್ನು ಎತ್ತಿಕೊಳ್ಳಬೇಡಿ. ಪ್ರತಿಯೊಂದನ್ನೂ ಇಂಗ್ಲಿಷ್–ಇಂಗ್ಲಿಷ್ ನಿಘಂಟಿನಲ್ಲಿ ಮತ್ತೆ ತೆಗೆದು ಅಲ್ಲಿರುವ ಉದಾಹರಣೆ ವಾಕ್ಯ ಓದಿ. ಐದು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ನಾಲ್ಕನೆಯ ಪ್ರಶ್ನೆ: ಕೇಳುವವರು ಎಲ್ಲಿದ್ದಾರೆ? ನೀವು ಧಾರವಾಡಕ್ಕೆ ಹೊರಟಿದ್ದೀರಿ. ಬೆಂಗಳೂರಿನ ಗೆಳೆಯನಿಗೆ ಹೇಳುವಾಗ ‘ಗೋಯಿಂಗ್’, ಧಾರವಾಡದಲ್ಲೇ ಇರುವ ಅಕ್ಕನಿಗೆ ಹೇಳುವಾಗ ‘ಕಮಿಂಗ್’. ಇಷ್ಟು ಕನ್ನಡದಲ್ಲೂ ಹಾಗೆಯೇ. ಎಡವಟ್ಟಾಗುವುದು ಮನೆಯ ಬಾಗಿಲಲ್ಲಿ. ಹೊರಡುವಾಗ ‘ಹೋಗ್ತೀನಿ’ ಎಂದರೆ ಅಮ್ಮಂದಿರು ಬೈಯುತ್ತಾರೆ, ‘ಹೋಗಿ ಬರ್ತೀನಿ’ ಅನ್ನಬೇಕು. ಆ ಅಭ್ಯಾಸದಲ್ಲೇ ‘ಐ ವಿಲ್ ಗೋ ಅಂಡ್ ಕಮ್’ ಎಂದು ಆಫೀಸಿನಲ್ಲೂ ಬಾಯಿಗೆ ಬರುತ್ತದೆ. ಕೇಳಿದ ಇಂಗ್ಲಿಷಿನವನು, ಇವರು ಹೋಗುತ್ತಿದ್ದಾರೋ ಬರುತ್ತಿದ್ದಾರೋ ಎಂದು ಕಕ್ಕಾಬಿಕ್ಕಿಯಾಗುತ್ತಾನೆ. ಮತ್ತೆ ಬರುವುದಿದ್ದರೆ ‘ಐ ವಿಲ್ ಬಿ ಬ್ಯಾಕ್’, ಇಲ್ಲದಿದ್ದರೆ ‘ಐ ಆಮ್ ಲೀವಿಂಗ್’. ಶಕುನದ ಭಯವನ್ನು ಕನ್ನಡಕ್ಕೇ ಮೀಸಲಿಡಿ.

ವಸ್ತುಗಳ ವಿಷಯಕ್ಕೂ ಇದೇ ಲೆಕ್ಕ. ಇಲ್ಲಿಗೆ ತಂದರೆ ‘ಬ್ರಿಂಗ್’, ಅಲ್ಲಿಗೆ ಒಯ್ದರೆ ‘ಟೇಕ್’. ಹೋಗಿ ತೆಗೆದುಕೊಂಡು ಬರುವುದು ಎಂಬ ಇಡೀ ಸುತ್ತಿಗೆ ಒಂದೇ ಪದ, ‘ಫೆಚ್’.

‘ರೈಸ್’ ಮತ್ತು ‘ರೇಯ್ಸ್’ ಗೊಂದಲಕ್ಕೆ ಕನ್ನಡವೇ ಮದ್ದು. ಕನ್ನಡದಲ್ಲಿ ‘ಇಸು’ ಬಂದರೆ ‘ರೇಯ್ಸ್’, ಬರದಿದ್ದರೆ ‘ರೈಸ್’. ಬೆಲೆ ಏರಿತು, ‘ರೋಸ್’. ಅಂಗಡಿಯವರು ಬೆಲೆ ಏರಿಸಿದರು, ‘ರೇಯ್ಸ್ಡ್’. ಮುಗಿಯಿತು.

ನಾಮಪದಗಳಲ್ಲಿ ಎರಡು ಗುಂಪು ಹೆಚ್ಚು ಕಾಡುತ್ತವೆ. ‘ಟ್ರಾವೆಲ್’ ಎಂಬುದು ಪ್ರಯಾಣ ಎಂಬ ಚಟುವಟಿಕೆ. ಲೆಕ್ಕಕ್ಕೆ ಸಿಗುವುದಿಲ್ಲ, ಆದ್ದರಿಂದ ‘ಎ ಟ್ರಾವೆಲ್’ ತಪ್ಪು. ಮೂಲದಲ್ಲಿ ಅದಕ್ಕೆ ದುಡಿಮೆ, ಪಾಡು ಎಂಬ ಅರ್ಥವಿತ್ತು. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿದವರಿಗೆ ಇದು ಹೊಸ ಸುದ್ದಿಯಲ್ಲ. ‘ಜರ್ನಿ’ ಬಂದದ್ದು ಹಳೆಯ ಫ್ರೆಂಚಿನ ‘ದಿನ’ ಎಂಬ ಪದದಿಂದ: ಒಂದು ದಿನದಲ್ಲಿ ಕ್ರಮಿಸುವ ದಾರಿ. ಈಗ ಅದು ಒಂದೆಡೆಯಿಂದ ಇನ್ನೊಂದೆಡೆಗಿನ ಪ್ರಯಾಣ. ‘ಟ್ರಿಪ್’ನಲ್ಲಿ ಹೋಗುವುದರ ಜೊತೆಗೆ ವಾಪಸ್ ಬರುವುದೂ ಸೇರಿರುತ್ತದೆ. ‘ವಾಯೇಜ್’ ಹಡಗಿನದು, ಇಲ್ಲವೇ ಬಾಹ್ಯಾಕಾಶದ್ದು. ನಾಸಾ 1977ರಲ್ಲಿ ಹಾರಿಸಿದ ಅವಳಿ ನೌಕೆಗಳಿಗೆ ‘ವಾಯೇಜರ್’ ಹೆಸರು ಒಪ್ಪಿದ್ದು ಹಾಗೆ.

ಇನ್ನೊಂದು ಗುಂಪು ‘ಮೋಷನ್’, ‘ಮೂವ್‌ಮೆಂಟ್’, ‘ಮೂವ್’. ನ್ಯೂಟನ್ನನ ಚಲನೆಯ ನಿಯಮಗಳಲ್ಲಿ, ಸದನದಲ್ಲಿ ಮಂಡಿಸುವ ಗೊತ್ತುವಳಿಯಲ್ಲಿ ಇರುವುದು ‘ಮೋಷನ್’. (ಡಾಕ್ಟರ ಮುಂದೆ ನಾವು ಹೇಳಿಕೊಳ್ಳುವ ಮೋಷನ್ ಬೇರೆ.) ಕೈಕಾಲಿನ ಅಲುಗಾಟ, ಜನರ ಚಳವಳಿ ಎರಡೂ ‘ಮೂವ್‌ಮೆಂಟ್’: 1942ರ ಕ್ವಿಟ್ ಇಂಡಿಯಾ, ಉತ್ತರ ಕನ್ನಡದಲ್ಲಿ 1983ರಲ್ಲಿ ಮರಗಳನ್ನು ತಬ್ಬಿ ನಿಂತ ಅಪ್ಪಿಕೋ. ಚದುರಂಗದ ನಡೆ ‘ಮೂವ್’.

ಕುದುರೆಯದೇ ಬೇರೆ ಲೋಕ. ನಡಿಗೆಯ ನಂತರ ಜೋಡಿಗಾಲಿನ ‘ಟ್ರಾಟ್’, ಆಮೇಲೆ ಮೂರು ಟಪಟಪದ ‘ಕ್ಯಾಂಟರ್’, ಕೊನೆಗೆ ನಾಗಾಲೋಟದ ‘ಗ್ಯಾಲಪ್’. ಕ್ಯಾಂಟರ್ಬರಿ ಕ್ಷೇತ್ರಕ್ಕೆ ಯಾತ್ರಿಕರು ಕುದುರೆ ಓಡಿಸುತ್ತಿದ್ದ ಹದವಾದ ಗತಿಯಿಂದ ‘ಕ್ಯಾಂಟರ್’ ಬಂತು. ಆ ಹೆಸರಿನ ವಾಹನವೊಂದು ಬಂದ ಮೇಲೆ ನಮ್ಮಲ್ಲಿ ಅದು ಟೊಮೆಟೊ ಹೇರಿದ ಸಣ್ಣ ಲಾರಿ.

ಈಗ ನೀವೇ ಒಂದು ಮಾಡಿ ನೋಡಿ: ‘ಅಜ್ಜಿ ಕೋಲೂರಿಕೊಂಡು ಅಂಗಳ ದಾಟಿ ಬಂದರು.’ ಹೋಳು ಮಾಡಿ. ಹೇಗೆ? ನೋಯುವ ಕಾಲು, ಕುಂಟು ನಡೆ: ‘ಹಾಬಲ್’. ಎಲ್ಲಿಗೆ? ಅಂಗಳದ ಆಚೆಯಿಂದ ಈಚೆಗೆ: ‘ಅಕ್ರಾಸ್’. ‘ಹಾಬಲ್ಡ್ ಅಕ್ರಾಸ್ ದಿ ಯಾರ್ಡ್’ ಎಂದಾಯಿತು, ಕೋಲನ್ನು ಕೊನೆಗೆ ಸೇರಿಸಿ. ಹಳೆಯ ಚಾಳಿಯಲ್ಲಿ ‘ಕೇಮ್ ಅಕ್ರಾಸ್ ದಿ ಯಾರ್ಡ್’ ಎಂದು ಬರೆದಿರೋ, ಅಜ್ಜಿ ಅಂಗಳ ದಾಟಿ ಬರುವ ಬದಲು ಅಂಗಳವೇ ಅಜ್ಜಿಗೆ ಆಕಸ್ಮಿಕವಾಗಿ ಸಿಕ್ಕಿತು ಎಂಬ ಅರ್ಥವೂ ಬಂದುಬಿಡಬಹುದು.