ಉಪ್ಪು ಇದ್ದ ಕಡೆಗೆ ನೀರು

ಶಿವರಾತ್ರಿ ಕಳೆಯುತ್ತಿದ್ದ ಹಾಗೆ ನಮ್ಮ ಮಲೆನಾಡಿನ ಕಡೆ ಅಪ್ಪೆಮಿಡಿ ಪೇಟೆಗೆ ಬರಲು ಶುರುವಾಗುತ್ತದೆ. ಮೊದಲ ಸಲ ಮಿಡಿ ಹಾಕುವವರು ಗಮನವಿಟ್ಟು ಓದಿ. ತೊಟ್ಟನ್ನು ಅರ್ಧ ಇಂಚು ಉಳಿಸಿ ಕತ್ತರಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ಪಸೆ ಪೂರ್ತಿ ಆರಿಸಿ. ಆಮೇಲೆ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತಾ ಬನ್ನಿ. ಕಿಲೋ ಮಿಡಿಗೆ ಕಾಲು ಕಿಲೋ ಉಪ್ಪು ಬೇಕೇ ಬೇಕು. ಹನಿ ನೀರನ್ನೂ ಸೇರಿಸಬೇಡಿ. ಎರಡು ಮೂರು ದಿನ ಬಿಟ್ಟು ಮುಚ್ಚಳ ತೆಗೆದರೆ ತಳದಲ್ಲಿ ನೀರು ನಿಂತಿರುತ್ತದೆ. ದಿನಾ ಒಮ್ಮೆ ಒಣಗಿದ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಹತ್ತು ಹದಿನೈದು ದಿನಕ್ಕೆ ಗುಂಡಗಿದ್ದ ಮಿಡಿ ಸುಕ್ಕುಗಟ್ಟಿ, ಬೆರಳಲ್ಲಿ ಒತ್ತಿದರೆ ಬಳುಕುವ ಹಾಗೆ ಆಗಿರುತ್ತದೆ. ಖಾರ ಅರೆದು ಬೆರೆಸುವ ಹೊತ್ತು ಅದೇ. ಮಿಡಿ ಬಿಟ್ಟ ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಖಾರ ಕಲಸಲು ಬಳಸಿ.

ಹನಿ ನೀರು ಹಾಕದಿದ್ದರೂ ಅಷ್ಟು ನೀರು ಎಲ್ಲಿಂದ ಬಂತು? ಹೈಸ್ಕೂಲಿನಲ್ಲಿ ಅಭಿಸರಣದ, ಅಂದರೆ ನೀರು ಪೊರೆ ದಾಟಿ ಉಪ್ಪು ಹೆಚ್ಚಿದ್ದ ಕಡೆಗೆ ಹೋಗುವುದರ ಪಾಠ ಬಂದಾಗಲೆಲ್ಲ ನಾನು ಮಕ್ಕಳಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ ಇದು. ಮಿಡಿಯೊಳಗಿನ ಒಂದೊಂದು ಜೀವಕೋಶಕ್ಕೂ ಜಿಡ್ಡಿನ ಎರಡು ಪದರದ ತೆಳು ಪೊರೆ ಇದೆ. ನೀರು ಆ ಪೊರೆಯನ್ನು ಸುಲಭವಾಗಿ ದಾಟುತ್ತದೆ, ಅದಕ್ಕೆಂದೇ ಪೊರೆಯಲ್ಲಿ ಕಿಂಡಿಗಳಿವೆ. ಆ ಕಿಂಡಿಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಉಪ್ಪು ಹಾಗೆ ಬೇಕೆಂದಾಗ ದಾಟಲಾರದು. ಹಾಗಾಗಿ ಹೊರಗೆ ಉಪ್ಪು ಹೆಚ್ಚಿದ್ದರೆ ಒಳಗಿನ ನೀರು ಹೊರಗೆ ಬರುತ್ತದೆ. ಮಿಡಿಗೆ ತಗಲಿಕೊಂಡ ಸೂಕ್ಷ್ಮಜೀವಿಗಳ ನೀರೂ ಹೀಗೇ ಬಸಿದುಹೋಗುತ್ತದೆ, ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದು ಅದರಿಂದ. ಆರೋಗ್ಯಕ್ಕೆಂದು ಉಪ್ಪು ಕಡಿಮೆ ಹಾಕುವವರಿಗೆ ನನ್ನ ಮಾತು ಇಷ್ಟೇ: ತಿನ್ನುವಾಗ ಕಡಿಮೆ ತಿನ್ನಿ, ಭರಣಿಗೆ ಕಡಿಮೆ ಮಾಡಬೇಡಿ.

ಸಕ್ಕರೆಯದೂ ಇದೇ ಕೆಲಸ. ನೆಲ್ಲಿಕಾಯಿ ಮೊರಬ್ಬ ಮಾಡುವಾಗ ಕಾಯಿಯನ್ನು ಒಮ್ಮೆಲೇ ಗಟ್ಟಿ ಪಾಕಕ್ಕೆ ಹಾಕಿದರೆ ನೀರೆಲ್ಲ ಹೊರಬಿದ್ದು ಗೋಲಿಯ ಹಾಗೆ ಗಟ್ಟಿಯಾಗುತ್ತದೆ. ಫೋರ್ಕಿನಿಂದ ಚುಚ್ಚಿ, ಬೇಯಿಸಿ, ತೆಳು ಪಾಕದಲ್ಲಿ ಹಾಕಿಟ್ಟು, ದಿನ ಬಿಟ್ಟು ದಿನ ಪಾಕವನ್ನು ಗಟ್ಟಿ ಮಾಡುತ್ತಾ ಹೋಗಿ. ಕೋಸಂಬರಿಯ ಸೌತೆಕಾಯಿಗೆ ಉಪ್ಪು ಎಲೆ ಹಾಕಿದ ಮೇಲೆಯೇ ಬೀಳಲಿ. ಹಾಗಲಕಾಯಿಗಾದರೆ ಅರ್ಧ ಗಂಟೆ ಮೊದಲೇ ಉಪ್ಪು ಸವರಿ ಹಿಂಡಿ, ನೀರಿನ ಜೊತೆ ಕಹಿಯೂ ಒಂದಷ್ಟು ಹೋಗುತ್ತದೆ. ಬಾಡಿದ ಕೊತ್ತಂಬರಿಯ ಬುಡವನ್ನು ತಣ್ಣೀರಿನಲ್ಲಿ ನಿಲ್ಲಿಸಿ, ಒಂದು ತಾಸಿನಲ್ಲಿ ಎದ್ದು ನಿಲ್ಲುತ್ತದೆ.

ಒಂದು ವರ್ಷ ಭರಣಿ ತೊಳೆದ ಉಪ್ಪುನೀರನ್ನು ಹಿತ್ತಿಲ ಕರಿಬೇವಿನ ಬುಡಕ್ಕೆ ಚೆಲ್ಲಿದೆ. ನೀರು ದಂಡವಾಗಬಾರದು ಎಂಬುದಷ್ಟೇ ತಲೆಯಲ್ಲಿತ್ತು. ವಾರದೊಳಗೆ ಎಲೆ ಜೋತುಬಿದ್ದವು. ಬಿಸಿಲಿಗೆ ಬಾಡಿತೆಂದು ಮೊದಲು ತಿಳಿದೆ. ಆಮೇಲೆ ಹೊಳೆಯಿತು: ಮಣ್ಣಿನಲ್ಲಿ ಉಪ್ಪು ಬೇರಿಗಿಂತ ಹೆಚ್ಚಾಗಿತ್ತು, ಬೇರು ನೀರು ಹೀರುವ ಬದಲು ಕಳೆದುಕೊಳ್ಳುತ್ತಿತ್ತು. ಹನ್ನೆರಡು ವರ್ಷದ ಗಿಡ ಉಳಿಯಲಿಲ್ಲ. ಮಲ್ಲಿಗೆ ಗಿಡಕ್ಕೆ ಯೂರಿಯಾ ಹಿಡಿಗಟ್ಟಲೆ ಸುರಿದರೂ ಹೀಗೇ ಸುಡುತ್ತದೆ. ಚಿಟಿಕೆ ಸಾಕು, ಹಾಕಿದ ಮೇಲೆ ಧಾರಾಳ ನೀರು ಬಿಡಿ.

ಪೊರೆ ಜೀವಂತ ಇರುವವರೆಗೆ ಮಾತ್ರ ಇದು ಬೇಕು, ಅದು ಬೇಡ ಎಂದು ಆರಿಸುತ್ತದೆ. ಬೀಟ್‌ರೂಟ್ ಹೋಳನ್ನು ಒಮ್ಮೆ ತೊಳೆದು ತಣ್ಣೀರಿನಲ್ಲಿಟ್ಟರೆ ನೀರಿಗೆ ಹೆಚ್ಚು ಬಣ್ಣ ಬರುವುದಿಲ್ಲ. ಕುದಿನೀರಿನಲ್ಲಿಟ್ಟರೆ ಪೊರೆ ಹರಿದು ನೀರೆಲ್ಲ ಕೆಂಪು. ಅದಕ್ಕೇ ಬೀಟ್‌ರೂಟನ್ನು ಸಿಪ್ಪೆ, ಬಾಲ, ಒಂದಿಂಚು ದಂಟಿನ ಸಮೇತ ಬೇಯಿಸಿ, ಆರಿದ ಮೇಲೆ ಸುಲಿಯಿರಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಮಕ್ಕಳಿಗೆ ಭೇದಿಯಾದಾಗ ಬರೀ ನೀರು ಕುಡಿಸಿ ಸುಮ್ಮನಿರಬೇಡಿ. ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಬಾಗಿಲಿದೆ. ಉಪ್ಪಿನ ಸೋಡಿಯಂ, ಸಕ್ಕರೆಯ ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಅದು ಇಬ್ಬರನ್ನೂ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಬಂದ ಕರುಳಿನಲ್ಲೂ ಈ ಬಾಗಿಲು ಕೆಡುವುದಿಲ್ಲ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಈ ಜೋಡಿ ಸಾಗಾಟವನ್ನು ಮೊದಲು ವಿವರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಕೊಂಡಾಗ ಕಾಲರಾ ಹರಡಿತು, ಡ್ರಿಪ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸು ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಓಆರ್‌ಎಸ್ ಎಂಬ, ಇಂಥದೇ ನೀರು ಕಲಸುವ ಪುಡಿಯ ಪೊಟ್ಟಣ ಮನೆಯಲ್ಲಿ ಸದಾ ಎರಡಾದರೂ ಇರಲಿ, ಆಶಾ ಕಾರ್ಯಕರ್ತೆಯರ ಹತ್ತಿರವೂ ಸಿಗುತ್ತದೆ. ಲೀಟರಿನ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಲೋಟಕ್ಕೆ ಇಷ್ಟು ಎಂದು ಅಂದಾಜಿನಲ್ಲಿ ಉದುರಿಸಬೇಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಕರುಳಿಗೇ ಮತ್ತೆ ನೀರು ಬಂದು ಭೇದಿ ಜೋರಾಗುತ್ತದೆ, ತಂಪು ಪಾನೀಯ ಕೊಡಬಾರದು ಎನ್ನುವುದೂ ಇದಕ್ಕೇ. ಕಲಸಿದ ನೀರು ಒಂದು ದಿನ ದಾಟಿದರೆ ಚೆಲ್ಲಿ ಹೊಸದು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾಗಿ ಮಲಗಿದ್ದರೆ, ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಿರಿ. ಲೋಟ ಬಾಯಿಗಿಟ್ಟು ಸುರಿಯಬೇಡಿ, ವಾಂತಿಯಾಗುತ್ತದೆ. ಒಂದು ನಿಮಿಷಕ್ಕೊಂದು ಚಮಚ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿ.